ಚಿಪ್ಪಿನೊಳಗಿನ ಹಾಡು ಯಾರದ್ದು?

ಹಾಡು ಕದಿಯೋದು ತಪ್ಪು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ದುಡ್ಡು ಕೊಟ್ಟು ಹಾಡು ಕೊಂಡದ್ದು ಎಷ್ಟು ಸಲ ಅಂತ ಕೇಳಿ ನೋಡಿ, ಆಗ ನಗುತ್ತಾರೆ! ಇಂಟರ್‌ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳುವ ವಿಷಯ ಬಂದಾಗಲೆಲ್ಲ ನ್ಯಾಪ್‌ಸ್ಟರ್, ಅಮೆರಿಕ, ಕೋರ್ಟು ಅಂತ ಮಾತು ಆ ಕಡೆಗೇ ಹೋಗುತ್ತೆ. ಆ ಹಾಡು ನಮ್ಮ ಎಕಂಬಾದ ತನಕ ಯಾವ ದಾರಿಯಲ್ಲಿ ಬಂತು, ಕಾಯಿದೆ ಎಲ್ಲಿ ನಿಂತುಬಿಟ್ಟಿತು ಅನ್ನೋದನ್ನು ಯಾರಾದರೂ ಬರೆದದ್ದು ನಾನು ನೋಡಿಲ್ಲ. ಅದಕ್ಕೇ ಇದು.

ಎಕಂಬಾ ಅಂದರೆ ಬೀದರ ಜಿಲ್ಲೆ, ಔರಾದ ತಾಲೂಕು. ಗಡಿನಾಡು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್‌ಸ್ಟ್ಯಾಂಡಿನಲ್ಲಿ ಹಿಂದಿ-ಉರ್ದು, ಯಾವುದೂ ನಮಗೆ ಪರಕೀಯ ಅಲ್ಲ. 1956ರ ತನಕ ನಾವು ಹೈದರಾಬಾದ್ ರಾಜ್ಯದವರು. ಬೀದರದಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 700. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತೆ.

ಬಹಳ ವರ್ಷ ನಮ್ಮ ದೇಶದಲ್ಲಿ ಹಾಡಿನ ವ್ಯಾಪಾರ ಅಂದರೆ ಎಚ್‌ಎಂವಿ. ಕಲ್ಕತ್ತೆಯ ಡಂಡಂನಲ್ಲಿ ಕಾರ್ಖಾನೆ, ನಾಯಿಯ ಚಿತ್ರದ ಪ್ಲೇಟು. ಗ್ರಾಮಫೋನ್ ಕೊಳ್ಳುವಷ್ಟು ಅನುಕೂಲ ಹಳ್ಳಿಯಲ್ಲಿ ಯಾರಿಗಿತ್ತು ಹೇಳಿ? ಪ್ಲೇಟನ್ನು ಮನೆಯಲ್ಲಿ ನಕಲು ಮಾಡೋಕೂ ಬರುತ್ತಿರಲಿಲ್ಲ. ಹಾಗಾಗಿ ಕಳ್ಳತನದ ಪ್ರಶ್ನೆಯೇ ಏಳಲಿಲ್ಲ.

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಿತು. ನಮ್ಮಲ್ಲಿ ಅದು ಹರಡಿದ್ದು ಎಪ್ಪತ್ತರ ದಶಕದ ಕೊನೆಗೆ, ಗಲ್ಫಿಗೆ ದುಡಿಯಲು ಹೋದವರು ಟೇಪ್‌ರೆಕಾರ್ಡರ್ ಹಿಡಿದುಕೊಂಡು ಬರತೊಡಗಿದಾಗ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡ ಭಾವಗೀತೆ ಮನೆಮನೆಗೆ ಹೋದದ್ದು ಈ ಸುರುಳಿಯ ಮೇಲೆ ಕೂತು. ಆದರೆ ಕ್ಯಾಸೆಟ್ಟಿಗೆ ಇನ್ನೊಂದು ಗುಣ ಇತ್ತು. ಎರಡು ಟೇಪ್‌ರೆಕಾರ್ಡರ್ ಇದ್ದರೆ ಯಾರು ಬೇಕಾದರೂ ನಕಲು ಮಾಡಬಹುದು. ಹಾಡಿನ ಪಟ್ಟಿ ಬರೆದು ಅಂಗಡಿಗೆ ಕೊಟ್ಟು ಖಾಲಿ ಕ್ಯಾಸೆಟ್ 'ತುಂಬಿಸಿಕೊಂಡು' ಬರೋದು ಆಗಲೇ ಶುರುವಾದದ್ದು.

ಸರ್ಕಾರ ಸುಮ್ಮನೆ ಕೂರಲಿಲ್ಲ. 1957ರ ಕಾಪಿರೈಟ್ ಕಾಯಿದೆಗೆ 1984ರಲ್ಲಿ ತಿದ್ದುಪಡಿ ಮಾಡಿ ಶಿಕ್ಷೆ ಹೆಚ್ಚಿಸಿತು. 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಎರಡು ಲಕ್ಷ ದಂಡ. ಜೊತೆಗೆ ಪ್ರತಿ ಕ್ಯಾಸೆಟ್ಟಿನ ಮೇಲೆ ಅದನ್ನು ಮಾಡಿಸಿದವರ ಹೆಸರು, ವಿಳಾಸ, ವರ್ಷ ಇರಲೇಬೇಕು ಅಂತ 52ಎ ಕಲಮು. ಈ ವಿಳಾಸದ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನು ಎಂಪಿ3. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು ಮಾಡಿದ್ದು ಇದು. 1995ರ ಜುಲೈನಲ್ಲಿ '.ಎಂಪಿ3' ಅನ್ನೋ ಬಾಲ ಗೊತ್ತುಮಾಡಿದರು. ಸಿಡಿಯಲ್ಲಿ ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಬೇಕು, ಎಂಪಿ3ಯಲ್ಲಿ ಸುಮಾರು ಒಂದು ಎಂಬಿ ಸಾಕು. ಕಿವಿಗೆ ಅಷ್ಟಾಗಿ ಗೊತ್ತಾಗದ ಸದ್ದನ್ನು ಕಿತ್ತುಹಾಕಿಬಿಡುವ ಉಪಾಯ.

1999ರಲ್ಲಿ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಬಂತು. ನಿಮ್ಮ ಕಂಪ್ಯೂಟರಿನ ಹಾಡನ್ನು ಇನ್ನೊಬ್ಬರು ನೇರವಾಗಿ ತೆಗೆದುಕೊಳ್ಳಬಹುದು. ಆ ವರ್ಷದ ಕೊನೆಗೇ ಕೇಸು ಬಿತ್ತು, 2001ರ ಜುಲೈನಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಕಜಾ, ಲೈಮ್‌ವೈರ್, ಬಿಟ್‌ಟೊರೆಂಟ್ ಎಲ್ಲ ಹುಟ್ಟಿಕೊಂಡಿದ್ದವು. 2003ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕಂಪನಿಗಳು ಹಾಡು ಹಂಚಿದ ಸಾಮಾನ್ಯ ಜನರ ಮೇಲೇ, ಮೊದಲ ಸಲ 261 ಮಂದಿಯ ಮೇಲೆ, ದಾವೆ ಹೂಡಿದವು. ಅದರಲ್ಲಿ 12 ವರ್ಷದ ಹುಡುಗಿಯೂ ಇದ್ದಳು! 2008ರ ಕೊನೆಗೆ ಈ ದಾರಿ ಸರಿಯಿಲ್ಲ ಅಂತ ಅವರೇ ಬಿಟ್ಟರು.

ಆಗ ನಮ್ಮ ಕಡೆ ಏನಿತ್ತು? ಡಯಲ್‌ಅಪ್. ಐದು ಎಂಬಿಯ ಒಂದು ಹಾಡು ಇಳಿಯೋಕೆ, ಎಲ್ಲ ಸರಿ ಇದ್ದರೂ, 12 ನಿಮಿಷ. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಹಾಗಾಗಿ ನ್ಯಾಪ್‌ಸ್ಟರ್ ಯುದ್ಧ ನಡೆಯುವಾಗ ನಾವು ಕ್ಯಾಸೆಟ್ಟಿನಲ್ಲೇ ಇದ್ದೆವು.

ನಮ್ಮಲ್ಲಿ ನೆಟ್ಟಿನ ಹಾಡು ಬಂದದ್ದು ನೆಟ್ಟಿನ ಮೇಲಲ್ಲ, ಜೇಬಿನಲ್ಲಿ. ಬಣ್ಣದ ನೋಕಿಯಾ, ದೊಡ್ಡ ಸ್ಪೀಕರಿನ ಚೈನಾ ಸೆಟ್ಟು ಬಂದ ಮೇಲೆ ಬೆರಳುಗುರಿನಷ್ಟು ಮೆಮೊರಿ ಕಾರ್ಡ್ ಬಂತು. ನಮ್ಮವರು ಅದನ್ನು 'ಚಿಪ್' ಅಂದರು. ಎರಡು ಜಿಬಿ ಚಿಪ್ಪಿನಲ್ಲಿ ಸುಮಾರು 400 ಹಾಡು. ಪೇಟೆಯ ಮೊಬೈಲ್ ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಒಂದು ಕಾರ್ಡ್ ರೀಡರ್. ಅಲ್ಲಿ ನಾನೇ ಕೇಳಿದ ಮಾತು:

"ಯಾವ್ ಹಾಡ್ ಹಾಕ್ಲಿ ಕಾಕಾ? ಕನ್ನಡ, ಮರಾಠಿ, ಹಿಂದಿ?"

"ಎಲ್ಲಾ ಹಾಕು ತಮ್ಮಾ. ಭಜನಿ ಪದಾ ಭಾಳ ಇರ್ಲಿ."

ಒಬ್ಬ ಒಂದು ಸಲ ಡೌನ್‌ಲೋಡ್ ಮಾಡಿದರೆ ಸಾಕು, ಅದು ನೂರಾರು ಚಿಪ್ಪಿಗೆ ಹೋಗುತ್ತಿತ್ತು. ಚಿಪ್ಪಿನಿಂದ ಬ್ಲೂಟೂತ್, ಬ್ಲೂಟೂತಿನಿಂದ ಪಕ್ಕದ ಊರು. ಹೊಲದಲ್ಲಿ ತೊಗರಿ ಕೀಳುವವರ ಸೆರಗಿನ ಗಂಟಿನಲ್ಲೂ ಹಾಡು!

ಈಗ ಕಾಯಿದೆಯ ಕಡೆ ನೋಡಿ. 2012ರಲ್ಲಿ ಕಲ್ಕತ್ತಾ ಹೈಕೋರ್ಟ್, ಸಂಗೀತ ಕಂಪನಿಗಳ ಅರ್ಜಿಯ ಮೇಲೆ, 104 ಹಾಡಿನ ಸೈಟುಗಳನ್ನು ಮುಚ್ಚಿಸಿ ಅಂತ ಇಂಟರ್‌ನೆಟ್ ಕಂಪನಿಗಳಿಗೆ ಹೇಳಿತು. ಹೆಸರಾಂತ 'ಸಾಂಗ್ಸ್.ಪಿಕೆ' ಆ ಪಟ್ಟಿಯಲ್ಲಿತ್ತು. ಅದು ಹೆಸರು ಬದಲಿಸಿ ಮತ್ತೆ ಬಂತು, ಆ ಮಾತು ಬೇರೆ. ಎಕಂಬಾಕ್ಕೆ ಮಾತ್ರ ಆ ಆದೇಶ ತಟ್ಟಲೇ ಇಲ್ಲ. ಯಾಕಂದರೆ ನಮ್ಮ ಹಾಡು ಬರುತ್ತಿದ್ದುದು ಸೈಟಿನಿಂದಲ್ಲ, ಪಕ್ಕದವನ ಚಿಪ್ಪಿನಿಂದ. ಅದಕ್ಕೆ ಬೀಗ ಹಾಕೋದು ಹೇಗೆ?

ಕಂಪನಿಗಳ ಸಂಘ ಇದನ್ನು ಅರ್ಥ ಮಾಡಿಕೊಳ್ಳಲಿಲ್ಲ ಅಂತಲ್ಲ. ಚಿಪ್ ತುಂಬುವ ಅಂಗಡಿಗಳಿಗೇ ಲೈಸೆನ್ಸ್ ಕೊಡುವ ಯೋಜನೆಯನ್ನೂ ತಂದಿತ್ತು. ದುಡ್ಡು ಕಟ್ಟಿ, ಕಾನೂನುಬದ್ಧವಾಗಿ ತುಂಬಿ ಅಂತ. ಒಳ್ಳೆ ಯೋಚನೆ. ನಮ್ಮ ಕಡೆಯ ಅಂಗಡಿಗಳ ಗೋಡೆಯ ಮೇಲೆ ಆ ಲೈಸೆನ್ಸ್ ನಾನಂತೂ ಕಂಡಿಲ್ಲ. 2014ರಲ್ಲಿ ಕರ್ನಾಟಕ ಸರ್ಕಾರ 1985ರ ಗೂಂಡಾ ಕಾಯಿದೆಗೆ ತಿದ್ದುಪಡಿ ತಂದು, ವ್ಯಾಪಾರಕ್ಕಾಗಿ ಬೇಕಂತಲೇ ಕಾಪಿರೈಟ್ ಮುರಿಯುವವರನ್ನು 'ಡಿಜಿಟಲ್ ಅಪರಾಧಿ' ಅಂತ ಸೇರಿಸಿತು. ಈ ಕಾಯಿದೆಯಲ್ಲಿ ವಿಚಾರಣೆ ಇಲ್ಲದೆ ಒಂದು ವರ್ಷದ ತನಕ ಒಳಗೆ ಇಡಬಹುದು. ಚಿಪ್ ತುಂಬಿ ಹೊಟ್ಟೆ ಹೊರೆಯುವ ಹುಡುಗನೂ, ಕಳ್ಳಬಟ್ಟಿಯವನೂ ಒಂದೇ ಕಾಯಿದೆಯ ಕೆಳಗೆ!

ಆದರೂ ಚಿಪ್ ಅಂಗಡಿ ಸತ್ತದ್ದು ಪೊಲೀಸರಿಂದ ಅಲ್ಲ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಮೊದಮೊದಲು ಡೇಟಾ ಪುಕ್ಕಟೆ. ಯೂಟ್ಯೂಬ್ ಒತ್ತಿದರೆ ಹಾಡು. ಆಮೇಲೆ ಕಾರ್ಡ್ ಹಿಡಿದುಕೊಂಡು ಯಾರು ಪೇಟೆಗೆ ಹೋಗುತ್ತಾರೆ? ಮೂವತ್ತು ವರ್ಷ ಜೈಲಿನ ಭಯ ಮಾಡದ ಕೆಲಸವನ್ನು ಅಗ್ಗದ ಡೇಟಾ ಒಂದೆರಡು ವರ್ಷದಲ್ಲಿ ಮಾಡಿತು. ಇನ್ನೊಂದು ತಮಾಷೆ ಕೇಳಿ. ಎಚ್‌ಎಂವಿಯ ವಾರಸುದಾರ ಸಾರೆಗಮಾ ಕಂಪನಿ 2017ರಲ್ಲಿ 'ಕಾರವಾನ್' ಅನ್ನೋ ಪೆಟ್ಟಿಗೆ ತಂದಿತು. ಒಳಗೆ 5,000 ಹಳೆಯ ಹಿಂದಿ ಹಾಡು ಮೊದಲೇ ತುಂಬಿಸಿ! ಅಂದರೆ ನಮ್ಮ ಚಿಪ್ ಅಂಗಡಿಯವನ ಐಡಿಯಾವೇ, ಲೈಸೆನ್ಸ್ ಸಮೇತ.

ಇದರಿಂದ ನನಗೆ ಅನ್ನಿಸಿದ್ದು ಇಷ್ಟು. ಜನ ನಕಲು ಮಾಡಿದ್ದು ಕಳ್ಳಬುದ್ಧಿಯಿಂದ ಮಾತ್ರ ಅಲ್ಲ. ಅಸಲು ಮಾಲು ನಮ್ಮ ಊರಿಗೆ ಬರುತ್ತಲೇ ಇರಲಿಲ್ಲ. ಆಗಲೇ ಹೇಳಿದೆನಲ್ಲ, ಬೆಂಗಳೂರು 700 ಕಿಲೋಮೀಟರ್. ಅಸಲು ಕೈಗೆ ಎಟುಕಿದ ದಿನ ನಕಲು ತಾನಾಗಿ ಹಿಂದೆ ಸರಿಯಿತು. ಪೂರ್ತಿ ಹೋಗಿಲ್ಲ ಬಿಡಿ. ಟ್ರಾಕ್ಟರಿನ ಪೆನ್‌ಡ್ರೈವಿನಲ್ಲಿ, ವಾಟ್ಸಾಪ್, ಟೆಲಿಗ್ರಾಮಿನಲ್ಲಿ ಇನ್ನೂ ಓಡಾಡುತ್ತಲೇ ಇದೆ. ಹಾಗಂತ ಕವಿ, ಗಾಯಕ, ತಬಲದವನ ಹೊಟ್ಟೆಯ ಮೇಲೆ ಹೊಡೆಯೋದು ಸರಿ ಅಂತ ನಾನು ಹೇಳಲ್ಲ. ಸುಲಭವಾಗಿ ಸಿಗುವ ಹಾಡನ್ನೂ ಕದ್ದರೆ ಅದು ಕಳವೇ.

ಆದರೆ ಅಸಲು ಅನ್ನೋದೇ ಎಲ್ಲೂ ಸಿಗದಿದ್ದರೆ?

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಇದೆ. ನಮ್ಮ ಕಡೆಯ ಒಂದು ಭಜನಾ ಮೇಳದ್ದು. ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಏಕತಾರಿ, ದಮ್ಮಡಿ, ತಾಳ. ಕಾಗದದ ಮೇಲೆ 1988 ಅಂತಿದೆ. ಮಾಡಿಸಿದವರ ಹೆಸರಿಲ್ಲ, ಕಾಯಿದೆ ಕೇಳುವ ಆ ವಿಳಾಸವೂ ಇಲ್ಲ. ಯಾವ ಆ್ಯಪಿನಲ್ಲೂ, ಯೂಟ್ಯೂಬಿನಲ್ಲೂ ಈ ದನಿ ಇಲ್ಲ, ಹುಡುಕಿ ನೋಡಿದ್ದೇನೆ. ಹಾಡಿದವರಲ್ಲಿ ಹಲವರು ತೀರಿಕೊಂಡಿದ್ದಾರೆ. ಒಬ್ಬರ ಮೊಮ್ಮಗ ಬಂದು "ಅಣ್ಣಾ, ನಮ್ ಮುತ್ಯಾನ ದನಿ ಒಮ್ಮಿ ಕೇಳಸ್ರಿ" ಅಂದ. ಕೇಳಿಸಿದೆ. ಮುಗಿಯುವ ತನಕ ಅವನು ತಲೆ ಎತ್ತಲಿಲ್ಲ.

ಕಾಯಿದೆ ಏನನ್ನುತ್ತೆ? ಪದ ಹತ್ತೊಂಬತ್ತನೇ ಶತಮಾನದ್ದು, ಅದರ ಮೇಲೆ ಈಗ ಯಾರ ಹಕ್ಕೂ ಇಲ್ಲ. ಆದರೆ ಧ್ವನಿಮುದ್ರಣಕ್ಕೆ 60 ವರ್ಷದ ಹಕ್ಕು. 1988ರದ್ದಾದರೆ 2048ರ ಕೊನೆಯ ತನಕ. ಆ ಹಕ್ಕು ಹಾಡಿದವರದ್ದೂ ಅಲ್ಲ, ಮಾಡಿಸಿದವರದ್ದು. ಹಾಡುಗಾರನಿಗೆ ಅಂತ ನಮ್ಮ ಕಾಯಿದೆಯಲ್ಲಿ ಪ್ರತ್ಯೇಕ ಹಕ್ಕು ಬಂದದ್ದೇ 1994ರ ತಿದ್ದುಪಡಿಯಿಂದ. ನನ್ನ ಸ್ವಂತಕ್ಕೆ ಕಂಪ್ಯೂಟರಿಗೆ ಇಳಿಸಿಕೊಂಡರೆ 52ನೇ ಕಲಮಿನ ವಿನಾಯಿತಿ ಹೇಳಬಹುದು. ಧ್ವನಿಮುದ್ರಣಕ್ಕೆ ಆ ವಿನಾಯಿತಿ ಬಂದದ್ದೂ 2012ರಲ್ಲಿ. ನೆಟ್ಟಿಗೆ ಏರಿಸಿ ಊರಿಗೆಲ್ಲ ಹಂಚಿದರೆ ಮಾತ್ರ ಉಲ್ಲಂಘನೆ.

ಮಾಲೀಕರು ಸಿಗದಿದ್ದರೆ ದಾರಿ ಇಲ್ಲವೇ ಅಂದರೆ, ಇದೆ. 31ಎ ಕಲಮು. ಅರ್ಜಿ ಹಾಕಿ ಲೈಸೆನ್ಸ್ ಕೇಳಬಹುದು. ಮೊದಲು ಕಾಪಿರೈಟ್ ಬೋರ್ಡಿಗೆ ಹಾಕಬೇಕಿತ್ತು, 2021ರ ಬದಲಾವಣೆಯ ನಂತರ ಕೋರ್ಟಿಗೆ. ಅದಕ್ಕೂ ಮುಂಚೆ ದೇಶದ ಬಹುಭಾಗದಲ್ಲಿ ಓಡುವ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು! ಔರಾದ ತಾಲೂಕಿನ ಭಜನಾ ಮೇಳದ ಕ್ಯಾಸೆಟ್ ಮಾಡಿಸಿದವರು ಆ ಇಂಗ್ಲಿಷ್ ಪೇಪರ್ ಓದಿ "ಅದು ನಂದೇರಿ" ಅಂತ ಎದ್ದು ಬರುತ್ತಾರಾ? ಆ ಜಾಹೀರಾತಿನ ದುಡ್ಡಿನಲ್ಲಿ ಹೊಸ ಮೇಳವನ್ನೇ ಕೂರಿಸಿ ಹಾಡಿಸಬಹುದೇನೋ.

ಸದ್ಯ ನಾನು ಮಾಡಿರೋದು ಇಷ್ಟು. ಕ್ಯಾಸೆಟ್ಟನ್ನು ಎರಡು ಹಾರ್ಡ್ ಡಿಸ್ಕಿಗೆ ಇಳಿಸಿಟ್ಟಿದ್ದೇನೆ. ನೆಟ್ಟಿಗೆ ಹಾಕಿಲ್ಲ. ಅಂದು ರೆಕಾರ್ಡ್ ಮಾಡಿಸಿದವರು ಯಾರು ಅಂತ ಔರಾದದ ಅಮರೇಶ್ವರ ಜಾತ್ರೆಯಲ್ಲಿ, ಭಾಲ್ಕಿಯಲ್ಲಿ, ಬೀದರದ ಹಳೇ ಅಂಗಡಿಗಳಲ್ಲಿ ವಿಚಾರಿಸುತ್ತಿದ್ದೇನೆ. ಸಿಕ್ಕರೆ ಬಾಯಿಮಾತಲ್ಲಿ ಅಲ್ಲ, ಒಂದು ಹಾಳೆಯ ಮೇಲೆ ಒಪ್ಪಿಗೆ ಬರೆಸಿಕೊಂಡು ಹಂಚುತ್ತೇನೆ, ಹಾಡಿದವರ ಹೆಸರನ್ನೂ ಹಾಕಿ.

ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ಟ್ರಂಕಿನಿಂದ ತೆಗೆಯಿರಿ. ಬೂಸ್ಟು ಹಿಡಿದಿದೆಯಾ ನೋಡಿ, ಟೇಪ್‌ರೆಕಾರ್ಡರಿನ ಹೆಡ್ ಒರೆಸಿ, ಒಮ್ಮೆ ಓಡಿಸಿ ಇಳಿಸಿಕೊಳ್ಳಿ. ನಿಮ್ಮ ಸ್ವಂತಕ್ಕೆ ಅಷ್ಟು ಮಾಡೋದಕ್ಕೆ ಕಾಯಿದೆ ಅಡ್ಡ ಬರಲ್ಲ. ಹಂಚೋದು ಹೇಗೆ ಅಂತ ಆಮೇಲೆ ನೋಡಿಕೊಳ್ಳೋಣ. ಹಕ್ಕು 2048ರ ತನಕ ಇರುತ್ತೆ ನಿಜ, ಟೇಪು ಅಲ್ಲಿಯ ತನಕ ಇರಬೇಕಲ್ಲ!