ಎರಡು ನದಿಗಳ ನಡುವಿನ ನೀರು

ಜಮಖಂಡಿ, ರಬಕವಿ-ಬನಹಟ್ಟಿ ಪಟ್ಟಣಗಳ ಉತ್ತರಕ್ಕೆ ಕೃಷ್ಣಾ, ಮುಧೋಳದ ಮಗ್ಗುಲಲ್ಲಿ ಘಟಪ್ರಭಾ. ಚಿಕ್ಕಸಂಗಮದಲ್ಲಿ ಎರಡೂ ಕೂಡುತ್ತವೆ. ಎರಡು ದೊಡ್ಡ ನದಿಗಳ ನಡುವೆ ಇದ್ದರೂ ಈ ಸೀಮೆ ಬಹುಕಾಲ ಮಳೆಯನ್ನೇ ನೆಚ್ಚಿತ್ತು. ಆ ಮಳೆಯೋ ವರ್ಷಕ್ಕೆ 60 ಸೆಂ.ಮೀ. ಆಸುಪಾಸು. ನದಿ ತಗ್ಗಿನಲ್ಲಿ, ಹೊಲ ದಿಬ್ಬದಲ್ಲಿ. ಎರೆ ಹೊಲಕ್ಕೆ ಜೋಳ, ಮನೆಗೆ ಬಾವಿ ನೀರು. ಬೀಳಗಿಯ ಅರೆತ್ತಿನ ಬಾವಿ ಆ ಕಾಲದ ಗುರುತಾಗಿ ಉಳಿದಿದೆ.

ಕಾಲುವೆ ಮೊದಲು ಬಂದದ್ದು ಘಟಪ್ರಭೆಗೆ. ಗೋಕಾಕದ ಬಳಿ ಧೂಪದಾಳದಲ್ಲಿ 1897ರಲ್ಲಿ ಒಡ್ಡು ಕಟ್ಟಲಾಯಿತು. ಆಗ ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಎರಡೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಹಿಡಕಲ್ಲಿನಲ್ಲಿ 51 ಟಿಎಂಸಿ ಅಡಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ 1977ರಲ್ಲಿ ಮುಗಿದ ಮೇಲೆ ಮುಧೋಳದ ಕಡೆ ಕಬ್ಬು ಹಬ್ಬಿತು. ಬಸಿಗಾಲುವೆಯ ಕಡೆ ಗಮನ ಸಾಲದ್ದರಿಂದ ಎಷ್ಟೋ ಒಳ್ಳೆಯ ಭೂಮಿ ಸವಳಾದದ್ದೂ ನಿಜ.

ಕೃಷ್ಣೆಯ ದಂಡೆಯ ಕಥೆ ಬೇರೆ. ಮಳೆಗಾಲದಲ್ಲಿ ಊರೇ ಕೊಚ್ಚುವಂತೆ ಬರುವ ಹೊಳೆ ಬೇಸಿಗೆಯಲ್ಲಿ ಮರಳಿನ ನಡುವೆ ಎಳೆಯಾಗುತ್ತಿತ್ತು, ಪಂಪ್‌ಸೆಟ್ಟುಗಳು ನಿಲ್ಲುತ್ತಿದ್ದವು. 1970ರ ದಶಕದಲ್ಲಿ ಶುರುವಾದ ಹಿಪ್ಪರಗಿ ಬ್ಯಾರೇಜು ಮುಗಿಯಲು ಮೂರು ದಶಕವೇ ಹಿಡಿಯಿತು. ಅಷ್ಟು ಕಾಯಲಾಗದ ರೈತರು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಹೊಳೆಗೆ ಅಡ್ಡಕಟ್ಟಿದರು. 1989ರಲ್ಲಿ ಎದ್ದ ಆ ಬ್ಯಾರೇಜಿಗೆ ಶ್ರಮಬಿಂದು ಸಾಗರ ಎಂದೇ ಹೆಸರು. ಬೆವರ ಹನಿಗೆ ಸಾಗರವೆಂಬ ಹೆಸರು ಇಲ್ಲಿ ಉತ್ಪ್ರೇಕ್ಷೆಯಲ್ಲ. ಕರ್ನಾಟಕದ ನೀರಾವರಿ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಪುಟಗಳು ಇನ್ನೂ ಸಿಕ್ಕಿಲ್ಲ.

ಬ್ಯಾರೇಜು ಅಣೆಕಟ್ಟೆಯಂತೆ ಪ್ರವಾಹವನ್ನು ತಡೆದು ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ಗೇಟು ತೆರೆದು ಹೊಳೆಯನ್ನು ಹರಿಯಬಿಡುತ್ತಾರೆ. ಮಳೆ ಹಿಂದೆ ಸರಿದಾಗ ಗೇಟು ಹಾಕಿ ಕೊನೆಯ ಹರಿವನ್ನು ನದಿಯ ಪಾತ್ರದಲ್ಲೇ ಹಿಡಿಯುತ್ತಾರೆ. ಮುಂದೆ ಹೊಳೆಯ ಕೆಳಭಾಗದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಕೆಳಗಿನಿಂದ ಬ್ಯಾರೇಜಿನ ಬುಡಕ್ಕೆ ಬರತೊಡಗಿದಾಗ, ರೈತರು ಅದನ್ನು ಪಂಪುಗಳಿಂದ ಎತ್ತಿ ಮೇಲ್ಬದಿಗೆ ಸುರಿಯುವ ಉಪಾಯ ಕಂಡುಕೊಂಡರು. ಹೊಳೆಯನ್ನೇ ಹಿಂದಕ್ಕೆ ಹರಿಸಿದಂಥ ಕೆಲಸವದು. 1991ರ ಲೋಕಸಭಾ ಚುನಾವಣೆಯಲ್ಲಿ ನ್ಯಾಮಗೌಡರು ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ, ಕೇಂದ್ರದಲ್ಲಿ ಮಂತ್ರಿಯಾದರು. ಜನ ಅವರನ್ನು ಕಡೆಯವರೆಗೂ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು.

ಆ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟಿದ್ದರು. 519.6 ಮೀಟರ್ ಮಟ್ಟದ ಈ ಜಲಾಶಯ 123 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಅದರ ಫಲ ಹೆಚ್ಚಾಗಿ ಕೆಳಗಿನ ಜಿಲ್ಲೆಗಳಿಗೆ. ಬೀಳಗಿ ತಾಲ್ಲೂಕಿಗೆ ಬಂದದ್ದು ಮುಳುಗಡೆ. ಫಲವತ್ತಾದ ಹೊಳೆಸಾಲಿನ ಹೊಲ, ಗುಡಿ, ಮನೆಗಳನ್ನು ಬಿಟ್ಟು ಊರೂರೇ ಪುನರ್ವಸತಿ ಕೇಂದ್ರಗಳಿಗೆ ಎದ್ದುಹೋದವು. ಮಟ್ಟವನ್ನು 524.256 ಮೀಟರಿಗೆ ಏರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ತೀರ್ಪಿತ್ತ ಮೇಲೆ ಮತ್ತಷ್ಟು ಹಳ್ಳಿಗಳ ಹೆಸರು ಮುಳುಗಡೆಯ ಪಟ್ಟಿಗೆ ಸೇರಿದೆ.