"ನಿಮಗ್ಯಾಕ್ರೀ ಫಿಲಾಸಫಿ?"



ಮೊನ್ನೆ ಆಫೀಸಲ್ಲಿ ಊಟದ ಬಿಡುವಿನಲ್ಲಿ ತತ್ವಶಾಸ್ತ್ರದ ಪುಸ್ತಕ ಓದ್ತಾ ಇದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ನೋಡಿ, "ನಿಮಗ್ಯಾಕ್ರೀ ಫಿಲಾಸಫಿ?" ಅಂದ್ರು. ನಗ್ತಾನೇ ಅಂದ್ರು. 'ನಿಮಗೆ' ಅಂದ್ರೆ ಗುಮಾಸ್ತರಿಗೋ, ನಮ್ಮ ಜನಕ್ಕೋ ಅಂತ ನಾನು ಕೇಳಲಿಲ್ಲ. ಆದ್ರೆ ಈ ಪ್ರಶ್ನೆ ಬಹಳ ಹಳೇದು.

ಫಿಲಾಸಫಿ ಗ್ರೀಕ್ ಮೂಲದ ಮಾತು, ಅರಿವಿನ ಮೇಲಿನ ಪ್ರೀತಿ ಅಂತ ಅರ್ಥ. ನಮ್ಮಲ್ಲಿ 'ದರ್ಶನ' ಅಂತಾರೆ, ಅಂದ್ರೆ ನೋಟ. ಇರೋದು ಏನು ಅಂತ ಕೇಳಿದ್ರೆ ತತ್ವಮೀಮಾಂಸೆ. ಅದು ನಿನಗೆ ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ ಜ್ಞಾನಮೀಮಾಂಸೆ. ಹೇಗೆ ಬದುಕಬೇಕು ಅನ್ನೋದು ನೀತಿಶಾಸ್ತ್ರ. ತರ್ಕಶಾಸ್ತ್ರ, ಸೌಂದರ್ಯಮೀಮಾಂಸೆ ಅಂತ ಇನ್ನೂ ಇವೆ.

ನಮ್ಮ ದೇಶದಲ್ಲಿ ಇವೆಲ್ಲಕ್ಕಿಂತ ಮೊದಲು ಒಂದು ಬಾಗಿಲಿತ್ತು. ಅದರ ಹೆಸರು 'ಅಧಿಕಾರ'. ಬ್ರಹ್ಮಸೂತ್ರದಲ್ಲಿ ಅಪಶೂದ್ರಾಧಿಕರಣ ಅಂತಲೇ ಒಂದು ಭಾಗ ಇದೆ. ಇರೋದೆಲ್ಲ ಒಂದೇ ಬ್ರಹ್ಮ ಅಂದ ಶಂಕರರು ಅದರ ಭಾಷ್ಯದಲ್ಲಿ, ವೇದದ ಮೂಲಕ ಬ್ರಹ್ಮವಿದ್ಯೆ ಪಡೆಯೋ ಅಧಿಕಾರ ಶೂದ್ರನಿಗಿಲ್ಲ ಅಂತಾರೆ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಸೀಸ, ಅರಗು ತುಂಬಬೇಕೆನ್ನೋ ವಾಕ್ಯವನ್ನೂ ಆಧಾರವಾಗಿ ಕೊಡ್ತಾರೆ. ಪುರಾಣ, ಇತಿಹಾಸ ಕೇಳಬಹುದು ಅನ್ನೋ ರಿಯಾಯಿತಿ ಉಂಟು! ಶೂದ್ರರಿಗೇ ಹೀಗಾದ್ರೆ ಊರಾಚೆಯ ನಮ್ಮ ಗತಿ?

ಈ ಬಾಗಿಲನ್ನು ಒಪ್ಪದವರೂ ಇದ್ದರು. ಚಾರ್ವಾಕರು ವೇದವನ್ನೇ ಪ್ರಮಾಣ ಅಂತ ಒಪ್ಪಲಿಲ್ಲ, ಪ್ರತ್ಯಕ್ಷವೇ ಪ್ರಮಾಣ ಅಂದ್ರು. ಅವರ ಗ್ರಂಥಗಳು ಉಳಿದಿಲ್ಲ, ವಿರೋಧಿಗಳು ಬರೆದಿದ್ದರಿಂದಲೇ ಅವರ ಬಗ್ಗೆ ಹೆಚ್ಚಾಗಿ ತಿಳಿಯೋದು. ಬುದ್ಧ ಕಾಲಾಮರಿಗೆ ಹೇಳಿದ್ದೂ ಇದೇ ಧಾಟಿ: ಪರಂಪರೆ ಅಂತಲೋ, ಶಾಸ್ತ್ರ ಅಂತಲೋ, ಗುರು ಹೇಳಿದ ಅಂತಲೋ ನಂಬಬೇಡಿ. ಇದು ಅಪ್ಪಟ ಜ್ಞಾನಮೀಮಾಂಸೆ.

ಬಾಬಾಸಾಹೇಬರು 1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಓದುವಾಗ ಜಾನ್ ಡ್ಯೂಯಿ ಅವರ ತರಗತಿಗಳಲ್ಲಿ ಕೂತಿದ್ದರು. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರ ಭಾಷಣವನ್ನು ಮೊದಲೇ ಓದಿ, ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಅದನ್ನ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ರು. ಅದೇ 'ಜಾತಿ ವಿನಾಶ'. ಅದರಲ್ಲಿ ನಿಯಮ ಬೇರೆ, ತತ್ವ ಬೇರೆ ಅಂತ ಬಿಡಿಸಿಡ್ತಾರೆ. ನಮ್ಮಂಥ ಗುಮಾಸ್ತರಿಗೆ ಇದು ಬೇಗ ಅರ್ಥ ಆಗುತ್ತೆ. ಸುತ್ತೋಲೆಯಲ್ಲಿ ಇದ್ದಂತೆ ಮಾಡೋದು ನಿಯಮ. ಆ ಸುತ್ತೋಲೆ ನ್ಯಾಯವಾಗಿದೆಯಾ ಅಂತ ಅಳೆಯೋ ಕೋಲು ತತ್ವ. ಹಿಂದೂ ಧರ್ಮ ಅನ್ನಿಸಿಕೊಂಡಿರೋದು ಬರೀ ನಿಯಮಗಳ ಕಟ್ಟು ಅನ್ನೋದು ಅವರ ವಾದ. ಅವರು ತೀರಿಕೊಂಡ ಮೇಲೆ, 1957ರಲ್ಲಿ ಬಂದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ದೇವರ ಜಾಗದಲ್ಲಿ ನೀತಿಯನ್ನೇ ಕೂರಿಸಿದ್ದಾರೆ.

ತರ್ಕಶಾಸ್ತ್ರದ ಬಗ್ಗೆ ಇನ್ನೊಂದು ದಿನ ಬರೀತೀನಿ. ಪುಸ್ತಕ ಈಗಲೂ ಆಫೀಸಿನ ಮೇಜಿನ ಮೇಲೇ ಇದೆ, ಎಲ್ಲರಿಗೂ ಕಾಣೋ ಹಾಗೆ.