ಸೊಂಟಂದ ಕಿಸೆಗೆ: ಪೀಶಕತ್ತಿಯ ಕತೆ

ಕಳುದ ವಾರ ಎಂಗಳ ನೆರೆಕರೆಲಿ ಒಂದು ಜೆಂಬ್ರ. ಬಾಳೆಲೆಯ ಕಟ್ಟ ಬಂದು ಜಾಲಿಲಿ ಬಿದ್ದತ್ತು. ಬಾಳೆಬಳ್ಳಿಲಿ ಕಟ್ಟಿದ್ದಲ್ಲ, ಈಗಾಣ ಪ್ಲೇಸ್ಟಿಕು ಬಳ್ಳಿಲಿ ಬಿಗುದು ಕಟ್ಟಿದ್ದು. ಎಳದರೆ ಕೈ ಹರಿಗೇ ವಿನಾ ಬಳ್ಳಿ ಹರಿಯ. "ಆರಾರು ಒಂದು ಪೀಶಕತ್ತಿ ಕೊಡಿ" ಹೇಳಿ ಬಳುಸುವ ಮಾಣಿ ಕೇಳಿದ. ಜೆಗಿಲಿಲಿ ಹನ್ನೆರಡು ಜೆನ ಕೂದುಗೊಂಡಿತ್ತಿದ್ದೆಯೊ. ಎಲ್ಲೋರ ಕಿಸೆಲಿದೆ ಮೊಬೈಲು ಇತ್ತು, ಕೆಲವು ಜೆನರತ್ರೆ ಎರಡೆರಡು. ಕತ್ತಿ ಮಾಂತ್ರ ಆರತ್ರುದೆ ಇಲ್ಲೆ! ಅಕೇರಿಗೆ ಮೂಲೆಲಿ ಕೂದ ಎಂಬತ್ತೈದು ವರ್ಷದ ಅಜ್ಜ ಒಬ್ಬ ವಸ್ತ್ರದ ಮಡಿಕೆಗೆ ಕೈ ಹಾಕಿ, ಸಣ್ಣ ಒಂದು ಪೀಶಕತ್ತಿ ತೆಗದು, ಉಗುರಿಲಿ ಬಿಡುಸಿ ಕೊಟ್ಟವು. ಕೊಟ್ಟದು ಹೇಳಿರೆ ಕೈಗೆ ಅಲ್ಲ, ನೆಲಕ್ಕಲ್ಲಿ ಮಡುಗಿದವು. ಮಾಣಿ ತೆಕ್ಕೊಂಡ, ಬಳ್ಳಿ ಕೊಯಿದ, ಪುನಾ ನೆಲಕ್ಕಲ್ಲಿ ಮಡುಗಿದ.

ಎಲ್ಲೋರು ನೆಗೆ ಮಾಡಿದವು. ಆನುದೆ ನೆಗೆ ಮಾಡಿದೆ. ಆದರೆ ಒಳಂದ ಒಳ ರಜ್ಜ ನಾಚಿಗೆ ಆತು. ಎಂತಕೆ ಹೇಳಿರೆ ಎನ್ನ ಅಜ್ಜನ ಪೀಶಕತ್ತಿ ಎಂಗಳ ಮನೆ ಕವಾಟಿಲಿ, ಹಳೆ ಕನ್ನಡಕದ ಡಬ್ಬಿ ಒಳ ಒರಗಿಗೊಂಡಿದ್ದು. ಅದರ ಕಿಸೆಲಿ ಮಡಿಕ್ಕೊಂಬಲೆ ಎನಗೆ ಸುಮಾರು ವರ್ಷ ಮನಸ್ಸೇ ಬಯಿಂದಿಲ್ಲೆ. ಆ ಕಾರಣವ ಮತ್ತೆ ಹೇಳ್ತೆ. ಮದಾಲು ಕತ್ತಿಯ ಕತೆ.

ಪೀಶಕತ್ತಿ ಹೇಳ್ತ ಹೆಸರೇ ಚೆಂದ. ಗಟ್ಟದ ಮೇಗೆ ಹೋಗಿ ಹೇಳಿರೆ ಆರಿಂಗೂ ಅರ್ಥ ಆಗ, ಅವು ಚಾಕು ಹೇಳುಗು. ಆದರೆ ತೆಂಕಕ್ಕೆ ಹೋದರೆ ಮಲೆಯಾಳಲ್ಲಿ ಪಿಚ್ಚಾತ್ತಿ ಇದ್ದು, ಮೂಡಕ್ಕೆ ಹೋದರೆ ಕೊಡಗಿನೋರ ಪೀಚೆಕತ್ತಿ ಇದ್ದು. ಕೊಡಗಿನೋರು ಅದಕ್ಕೆ ಬೆಳ್ಳಿ ಕಟ್ಟುಸಿ ಮದುವೆ ದಿನ ಕುಪ್ಯಚೇಲೆಯ ಸೊಂಟಕ್ಕೆ ಸಿಕ್ಕುಸುತ್ತವು. ನಮ್ಮ ಪೀಶಕತ್ತಿಗೆ ಬೆಳ್ಳಿಯೂ ಇಲ್ಲೆ, ಮದುವೆಯೂ ಇಲ್ಲೆ. ಎಲೆಯ ತೊಟ್ಟು ತೆಗವದು, ಅಡಕ್ಕೆ ಕೆರಸುದು, ಪೇರಳೆ ಕೊರವದು, ಹೂಗಿನ ಸೆಸಿಯ ಗೆಲ್ಲು ಕೊಯಿವದು, ಕಾಲಿಂಗೆ ಮುಳ್ಳು ಹೊಕ್ಕರೆ ತೆಗವದು. ಇಷ್ಟೇ ಅದರ ಸಂಸಾರ.

ಮಡುಸುವ ಕತ್ತಿ ಹೊಸತ್ತೆಂತ ಅಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಹೇಳ್ತಲ್ಲಿ ಉಪ್ಪಿನ ಗಣಿ ಇದ್ದು. ಅಲ್ಲಿ ಸಿಕ್ಕಿದ ಎಲುಬಿನ ಹಿಡಿಯ ಒಂದು ಮಡುಸುವ ಕತ್ತಿ ಕ್ರಿಸ್ತಪೂರ್ವ 600-500ರ ಸುಮಾರಿಂದು. ರೋಮಿನೋರು ಮತ್ತೂ ಮುಂದೆ ಹೋದವು. ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ಮ್ಯೂಸಿಯಮಿಲಿ ಅವರ ಕಾಲದ ಒಂದು ಬೆಳ್ಳಿ ಸಾಮಾನು ಇದ್ದು: ಒಂದೇ ಹಿಡಿಲಿ ಚಮಚ, ಮುಳ್ಳು, ಕತ್ತಿ, ಹಲ್ಲಿನ ಕಡ್ಡಿ ಎಲ್ಲ ಮಡುಸಿ ಮಡುಗುಲಾವುತ್ತು. ಕ್ರಿಸ್ತಶಕ 200ರ ನಂತರದ್ದು ಅದು.

ನಮ್ಮ ಹೊಡೆಯೋರುದೆ ಹಿಂದೆ ಬಿದ್ದಿದವಿಲ್ಲೆ. ತಾಳೆಗರಿಲಿ ಬರವೋರಿಂಗೆ ಎರಡು ಸಾಮಾನು ಬೇಕು, ಗರಿಯ ಕೊಯಿದು ಸಮ ಮಾಡ್ಲೆ ಕತ್ತಿ, ಅಕ್ಷರ ಕೊರವಲೆ ಕಂಠ. ತಮಿಳು ನಾಡಿಲಿ ಈ ಎರಡನ್ನೂ ಒಂದೇ ಹಿಡಿಗೆ ಸೇರುಸಿ, ಮಡುಸುವ ಹಾಂಗೆ ಮಾಡಿ, ಮಡಕ್ಕೆಳುತ್ತಾಣಿ ಹೇಳಿ ಹೆಸರು ಮಡುಗಿದವು. ಮಡಕ್ಕು ಹೇಳಿರೆ ಮಡುಸು, ಎಳುತ್ತಾಣಿ ಹೇಳಿರೆ ಕಂಠ. ಇಂಗ್ಲಿಷಿನ ಪೆನ್‌ನೈಫ್ ಹೇಳ್ತ ಶಬ್ದದ ಕತೆಯೂ ಇದುವೇ. ಅಲ್ಲಿ ಹಂಸದ ಗರಿಯ ಕೊಡಿ ಕೆತ್ತಿ ಲೇಖನಿ ಮಾಡುಗು, ಅದಕ್ಕೆ ಬೇಕಾದ ಸಣ್ಣ ಕತ್ತಿ ಪೆನ್‌ನೈಫ್. 19ನೇ ಶತಮಾನಲ್ಲಿ ಬರ್ಮಿಂಗ್‌ಹಮಿಂದ ಉಕ್ಕಿನ ನಿಬ್ಬುಗೊ ಬಪ್ಪಲೆ ಸುರು ಆದಪ್ಪಗ ಗರಿ ಹೋತು, ಕತ್ತಿ ಒಳುತ್ತು. ಕೆಲಸ ಹೋದ ಮೇಲೆಯೂ ಹೆಸರು ಬಿಡದ್ದ ದೊಡ್ಡಜ್ಜನ ಹಾಂಗೆ.

ಕಿಸೆ ಕತ್ತಿಗೆ ತವರು ಮನೆ ಹೇಳಿರೆ ಇಂಗ್ಲೆಂಡಿನ ಶೆಫೀಲ್ಡು. 14ನೇ ಶತಮಾನದ ಕವಿ ಚಾಸರ್ ತನ್ನ ಕತೆಯ ಗಿರಣಿಯೋನ ಕಾಲುಚೀಲಲ್ಲಿ ಒಂದು ಶೆಫೀಲ್ಡು ಕತ್ತಿ ಮಡುಗಿದ್ದ. 1624ಕ್ಕೆ ಅಲ್ಲಿಯ ಕತ್ತಿ ಮಾಡುವೋರು ಸೇರಿ ಸಂಘ ಕಟ್ಟಿದವು. 17ನೇ ಶತಮಾನಲ್ಲೇ ಹಿಡಿಯ ಬೆನ್ನಿಂಗೆ ಒಂದು ಉಕ್ಕಿನ ಪಟ್ಟಿ ಬಂತು. ಅಲಗು ಬಿಡುಸಿದರೆ ಟಕ್ಕ ಹೇಳಿ ನಿಂಬದು, ಮಡುಸಿದರೆ ಟಕ್ಕ ಹೇಳಿ ಕೂಬದು ಆ ಪಟ್ಟಿಂದಾಗಿ. ಅಜ್ಜನ ಕತ್ತಿಯ ಆ ಶಬ್ದ ಎನಗೆ ಈಗಳುದೆ ಕೆಮಿಲಿ ಇದ್ದು. ಹೊತ್ತೋಪಗ ಜೆಗಿಲಿಲಿ ಟಕ್ಕ ಕೇಳಿರೆ ಎಲೆಡಕ್ಕೆ ಸುರು ಆತು ಹೇಳಿ ಲೆಕ್ಕ.

ಈ ಕತೆಲಿ ನಮ್ಮ ಸೀಮೆಗೂ ಒಂದು ಪಾಲು ಇದ್ದು. ಮೈಸೂರು ಸೀಮೆಲಿ ಮಣ್ಣಿನ ಮೂಸೆಲಿ ಕಬ್ಬಿಣವನ್ನೂ ಕಟ್ಟಿಗೆಯನ್ನೂ ಹಾಕಿ, ಬಾಯಿ ಮುಚ್ಚಿ, ಕಾಸಿ ಉಕ್ಕು ಮಾಡಿಗೊಂಡಿತ್ತಿದ್ದವು. 1800-01ರಲ್ಲಿ ಇಲ್ಲಿ ತಿರುಗಿದ ಬುಕಾನನ್ ಅದರ ಕಣ್ಣಾರೆ ನೋಡಿ ಬರದ್ದ. ಹೊರದೇಶಲ್ಲಿ ಅದಕ್ಕೆ ವೂಟ್ಸ್ ಹೇಳಿ ಹೆಸರು, ನಮ್ಮ ಉಕ್ಕು ಹೇಳ್ತ ಶಬ್ದವೇ ಹಾಂಗಾದ್ದು ಹೇಳಿ ಸುಮಾರು ವಿದ್ವಾಂಸರ ಅಭಿಪ್ರಾಯ. ಬೊಂಬಾಯಿಂದ ಹೋದ ಅಂಥಾ ಉಕ್ಕಿನ ಬಗ್ಗೆ ಜಾರ್ಜ್ ಪಿಯರ್ಸನ್ 1795ಕ್ಕೆ ಲಂಡನಿನ ರಾಯಲ್ ಸೊಸೈಟಿಲಿ ಒಂದು ಲೇಖನ ಓದಿದ. ಸ್ಟೊಡಾರ್ಟ್ ಹೇಳ್ತ ಕತ್ತಿ ಮಾಡುವೋನ ಕೈಲಿ ಆ ಉಕ್ಕಿಂದ ಎಂತ ಮಾಡುಸಿದವು ಗೊಂತಿದ್ದೋ? ಒಂದು ಪೆನ್‌ನೈಫು! ಒಳ್ಳೆ ಉಕ್ಕಿನ ಕತ್ತಿಯಷ್ಟೇ ಲಾಯ್ಕಲ್ಲಿ ಕೊಯಿದತ್ತಡ. ಶೆಫೀಲ್ಡು ಕತ್ತಿ ನಮ್ಮ ಪೇಟೆಗೆ ಬಪ್ಪ ಮದಲೇ ನಮ್ಮ ಉಕ್ಕು ಅವರ ಕಿಸೆಗೆ ಹೋಗಿ ಬಯಿಂದು.

ಅದಾಗಿ ಬಂದದು ಸ್ವಿಸ್ ಕತ್ತಿ. ಕಾರ್ಲ್ ಎಲ್ಸೆನರ್ 1884ಕ್ಕೆ ಇಬಾಖ್ ಹೇಳ್ತ ಊರಿಲಿ ಅಂಗಡಿ ಮಡುಗಿದ. ಅಲ್ಲಿಯ ಸೈನ್ಯಕ್ಕೆ ಸುರುವಾಣ ಕತ್ತಿಗೊ ಜರ್ಮನಿಯ ಸೋಲಿಂಗನಿಂದ ಬಂದದು. ತನ್ನ ದೇಶದ ಸಿಪಾಯಿಗೊಕ್ಕೆ ತನ್ನ ದೇಶದ ಕತ್ತಿ ಬೇಕು ಹೇಳಿ ಹಟಲ್ಲಿ 1891ಕ್ಕೆ ಇವ ಕೊಡ್ಲೆ ಸುರು ಮಾಡಿದ. 1897ಕ್ಕೆ ಹೆಚ್ಚು ಸಾಮಾನು ಹಿಡಿವ ಹಗುರದ ಆಫೀಸರನ ಕತ್ತಿಯ ದಾಖಲು ಮಾಡುಸಿದ. 1909ಕ್ಕೆ ಅವನ ಅಬ್ಬೆ ವಿಕ್ಟೋರಿಯಾ ತೀರಿಹೋತು, ಅಬ್ಬೆಯ ಹೆಸರನ್ನೇ ಕತ್ತಿಗೆ ಮಡುಗಿದ. 1921ಕ್ಕೆ ತುಕ್ಕು ಹಿಡಿಯದ್ದ ಉಕ್ಕು, ಇನಾಕ್ಸ್, ಸೇರಿ ವಿಕ್ಟೋರಿನಾಕ್ಸ್ ಆತು. ಫ್ರಾನ್ಸಿಲಿ 1890ಕ್ಕೆ ಜೋಸೆಫ್ ಒಪಿನೆಲ್ ಮರದ ಹಿಡಿಯ ಸಾದಾ ಕತ್ತಿ ಮಾಡಿದ. 1955ಕ್ಕೆ ಅದಕ್ಕೆ ತಿರುಗುಸುವ ಒಂದು ಬಳೆ ಬಂತು, ಅಲಗು ಮಡುಸಿ ಬೆರಳಿಂಗೆ ಬೀಳುದು ನಿಂದತ್ತು.

ಇನ್ನು ಅಜ್ಜನ ಕತ್ತಿ. ಅದರ ತುದಿ ಮೊಂಡು. ಸಣ್ಣಾಗಿಪ್ಪಗ ಆನು ಗ್ರೇಶಿಗೊಂಡದು, ತುಂಡಾದ್ದಾಯಿಕ್ಕು ಹೇಳಿ. ಎಂಗಳ ಮನೆಲಿ ಆ ಕತ್ತಿಗೆ ಒಂದು ದೊಡ್ಡ ಹೆಸರೂ ಇತ್ತು: "ಜೀವ ಒಳುಶಿದ ಕತ್ತಿ". ತೋಟದ ಕೆಲಸಕ್ಕೆ ಬಂದುಗೊಂಡಿದ್ದ ಒಬ್ಬ ಜವ್ವನಿಗಂಗೆ ಹುಲ್ಲಿಲಿ ಹಾವು ಕಚ್ಚಿತ್ತಡ. ಅಜ್ಜ ಓಡಿ ಹೋಗಿ, ಕಾಲಿಂಗೆ ಬಳ್ಳಿ ಕಟ್ಟಿ, ಪೀಶಕತ್ತಿಲಿ ಗಾಯವ ಕೊಯಿದು, ನೆತ್ತರು ಹರಿಶಿ ವಿಷ ತೆಗದವಡ. ಅವ ಬದುಕಿದ. ಜೆಂಬ್ರಂಗಳಲ್ಲಿ ಈ ಕತೆ ಬಪ್ಪಗ ಅಜ್ಜ ಮಾತಾಡುಗು ಹೇಳಿ ಇಲ್ಲೆ, ಎಲೆಗೆ ಸುಣ್ಣ ಉದ್ದಿಗೊಂಡು ಕೂರುಗು. ಅಜ್ಜಂಗೆ ಜಂಬ ಇಲ್ಲೆ ಹೇಳಿ ಎಂಗೊಗೆ ಮತ್ತೂ ಹೆಮ್ಮೆ.

ಅಜ್ಜ ತೀರಿಹೋದ ಮೇಲೆ ಬೊಜ್ಜಕ್ಕೆ ಅವನುದೆ ಬಂದ, ಕುಂಟಿಗೊಂಡು. ಊಟ ಆಗಿ ಜಾಲಕರೆಲಿ ಕೂದಿಪ್ಪಗ ಆನೇ ಆ ಕತೆ ತೆಗದೆ. ಅವ ರಜ್ಜ ಹೊತ್ತು ಸುಮ್ಮನೆ ಕೂದ. ಮತ್ತೆ ತುಳುವಿಲಿ ಹೇಳಿದ, ಅದು ನೀರೊಳ್ಳೆ ಆಗಿತ್ತು ಹೇಳಿ. ಮರದಿನ ಅದೇ ಹುಲ್ಲಿಲಿ ಸಿಕ್ಕಿತ್ತಡ. ವಿಷವೇ ಇಲ್ಲದ್ದ ಹಾವು. ಆದರೆ ಕತ್ತಿ ಪಾದದ ಮೇಗಾಣ ನರವ ಕೊಯಿದಿತ್ತು, ಗಾಯ ಹುಣ್ಣಾಗಿ ನಾಕು ತಿಂಗಳು ಮನುಗಿದ, ಹೆಬ್ಬೆರಳು ಮತ್ತೆ ಮೇಲೆ ನೆಗ್ಗಿದ್ದೇ ಇಲ್ಲೆ. "ಅಣ್ಣೇರಿಗೆ ಗೊಂತಿತ್ತು" ಹೇಳಿದ. ಅವನಲ್ಲಿಗೆ ವರ್ಷಕ್ಕೆ ಎರಡು ಮುಡಿ ಅಕ್ಕಿ ಎಂತಕೆ ಹೋಗಿಗೊಂಡಿತ್ತು ಹೇಳಿ ಎನಗೆ ಆ ದಿನ ಅಂದಾಜು ಆತು. ಕತ್ತಿಯ ತುದಿ ತುಂಡಾದ್ದಲ್ಲ, ಅಜ್ಜನೇ ಮಸೆಕಲ್ಲಿಂಗೆ ಉದ್ದಿ ಉದ್ದಿ ಮೊಂಡು ಮಾಡಿದ್ದು ಹೇಳಿಯೂ ಅವನೇ ಹೇಳಿದ. ಮಾಡುವಗ ಅವ ಹತ್ತರೆಯೇ ಕೂದಿತ್ತಿದ್ದನಡ.

ಅಜ್ಜ ಒಬ್ಬನೇ ಮಾಡಿದ ತಪ್ಪು ಅಲ್ಲ ಅದು. 20ನೇ ಶತಮಾನದ ಸುರುವಿಲಿ ಲಂಡನಿನ ದೊಡ್ಡ ಡಾಕ್ಟ್ರು ಲಾಡರ್ ಬ್ರಂಟನ್ ಹೇಳ್ತೋನು ಹಾವು ಕಚ್ಚಿದ್ದಕ್ಕೆ ಹೇಳಿಯೇ ಒಂದು ಕಿಸೆ ಸಾಮಾನು ಮಾಡಿದ. ಸಣ್ಣ ಮರದ ಕೊಳವೆ, ಒಂದು ಹೊಡೆಲಿ ಕೊಯಿವ ಅಲಗು, ಮತ್ತೊಂದು ಹೊಡೆಲಿ ಪೊಟಾಸಿಯಂ ಪರ್ಮಾಂಗನೇಟಿನ ಹರಳು. ಗಾಯವ ಕೊಯಿದು ಹರಳು ಉದ್ದುದು. ನಮ್ಮ ದೇಶಲ್ಲಿ ಅದರ ಊರೂರಿಂಗೆ ಹಂಚಿದವು. ಮತ್ತೆ ಪರೀಕ್ಷೆ ಮಾಡಿ ನೋಡುವಗ ಪ್ರಯೋಜನ ಇಲ್ಲೆ ಹೇಳಿ ಗೊಂತಾತು. ಓದಿದೋರೇ ಹಾಂಗೆ ಹೇಳಿಪ್ಪಗ ಹಳ್ಳಿಯ ಅಜ್ಜ ಎಂತ ಮಾಡುಗು? ಆದರೆ ಕುಂಟಿದ್ದು ಅಜ್ಜ ಅಲ್ಲ ಹೇಳುದುದೆ ಮರವಲಾಗ.

ಹಾಂಗಾಗಿ ಇದರ ಮಾಂತ್ರ ಸರಿಯಾಗಿ ಕೇಳಿ. ಹಾವು ಕಚ್ಚಿದಲ್ಲಿ ಕತ್ತಿ ಹಾಕಲಾಗ, ಬಾಯಿಲಿ ಚೀಪಲಾಗ, ಬಳ್ಳಿ ಬಿಗುದು ಕಟ್ಟುಲಾಗ. ಕನ್ನಡಿ ಹಾವಿನ ವಿಷ ನೆತ್ತರು ಹೆಪ್ಪುಗಟ್ಟುದರನ್ನೇ ನಿಲ್ಲುಸುತ್ತು. ಕೊಯಿದರೆ ಆ ಗಾಯಂದಲೇ ನೆತ್ತರು ನಿಲ್ಲದ್ದೆ ಹರಿಗು. ಕಾಲು ಆಡುಸದ್ದೆ, ಉಂಗಿಲ ಕಾಲ್ಗೆಜ್ಜೆ ತೆಗದು, 108ಕ್ಕೆ ಫೋನು ಮಾಡಿ, ಪ್ರತಿವಿಷ ಇಪ್ಪ ಆಸ್ಪತ್ರೆಗೆ ಹೋಯೆಕ್ಕು. ಅಷ್ಟೇ.

ಅಂಬಗ ಕಿಸೆಗೆ ಎಂಥಾ ಕತ್ತಿ ಬೇಕು? ಎನ್ನ ಅನುಭವಲ್ಲಿ ನಾಕು ಬೆರಳಿನ ಅಗಲದಷ್ಟು, 3 ಇಂಚಿನ ಅಲಗು ಮನೆ ಕೆಲಸಕ್ಕೆ ಧಾರಾಳ. ಅದರಂದ ದೊಡ್ಡದು ಕಿಸೆಲಿ ಭಾರ, ನೋಡುವೋರಿಂಗೆ ಹೆದರಿಕೆ. ಬೆನ್ನಿಂಗೆ ಪಟ್ಟಿ ಮಾಂತ್ರ ಇಪ್ಪ ಕತ್ತಿಲಿ ಕೊಯಿವಲಕ್ಕು, ಕುತ್ತಲಾಗ. ಕುತ್ತಿರೆ ಮಡುಸಿ ಬೆರಳಿಂಗೆ ಬಕ್ಕು. ಮಕ್ಕೊಗೆ, ಹೊಸತ್ತಾಗಿ ಹಿಡಿವೋರಿಂಗೆ ಬಳೆಯೋ ಬೀಗವೋ ಇಪ್ಪದೇ ಒಳ್ಳೆದು. ಗುಬ್ಬಿ ಒತ್ತಿದ ಕೂಡ್ಲೆ ಹಾರಿ ಬಪ್ಪ ನಮುನೆದು ನವಗೆ ಬೇಡ.

ಉಕ್ಕಿಲಿ ಎರಡು ಜಾತಿ. ಹಳೆ ಕಾರ್ಬನ್ ಉಕ್ಕು ಬೇಗ ಹರಿತ ಆವುತ್ತು, ಆದರೆ ತುಕ್ಕು ಹಿಡಿತ್ತು. ಹಸಿ ಅಡಕ್ಕೆ ಕೊಯಿದರೆ ಅಲಗು ಕಪ್ಪಾವುತ್ತು, ಅಡಕ್ಕೆಯ ಚೊಗರು ಕಬ್ಬಿಣಕ್ಕೆ ಸೇರಿ ಅಪ್ಪದು ಅದು. ಮದಲಾಣೋರು ಬರವ ಮಸಿಯನ್ನೂ ಇದೇ ಉಪಾಯಲ್ಲಿ ಮಾಡಿಗೊಂಡಿತ್ತಿದ್ದವು. ಆ ಕಪ್ಪು ಕೊಳೆ ಅಲ್ಲ, ಕೆರಸಿ ತೆಗೆಯೆಕ್ಕಾದ್ದಿಲ್ಲೆ. ನಮ್ಮ ಆಟಿ ಮಳೆಗೆ ತುಕ್ಕು ಹಿಡಿಯದ್ದ ಉಕ್ಕು ಸುಲಭ, ಮಸೆವಲೆ ರಜ್ಜ ತಾಳ್ಮೆ ಬೇಕು. ಮಸೆವಗ ಅಲಗು ಕಲ್ಲಿಂದ ಒಂದು 20 ಡಿಗ್ರಿ ನೆಗ್ಗಿದ ಹಾಂಗೆ ಮಡಿಕ್ಕೊಂಡು, ಎರಡೂ ಹೊಡೆಗೆ ಸಮ ಎಳೆಯೆಕ್ಕು. ಹರಿತ ಇಲ್ಲದ್ದ ಕತ್ತಿಯೇ ಹೆಚ್ಚು ಗಾಯ ಮಾಡುದು, ಅದಕ್ಕೆ ಬಲ ಹಾಕೆಕ್ಕಾವುತ್ತನ್ನೆ. ಡಬ್ಬಿಯ ಮುಚ್ಚಲು ನೆಗ್ಗುಲೆ, ಸ್ಕ್ರೂ ತಿರುಗುಸುಲೆ ಕತ್ತಿ ಅಲ್ಲ.

ತುದಿ ಚೂಪು ಬೇಕೋ ಬೇಡದೋ? ಫ್ರಾನ್ಸಿನ ಹದಿನಾಲ್ಕನೇ ಲೂಯಿ ರಾಜ 1669ಕ್ಕೆ ಊಟದ ಮೇಜಿನ ಕತ್ತಿಗಳ ತುದಿ ಮೊಂಡು ಮಾಡೆಕ್ಕು ಹೇಳಿ ಅಪ್ಪಣೆ ಮಾಡಿದ, ಜೆಗಳಲ್ಲಿ ಕುತ್ತಿಗೊಂಬದು ನಿಲ್ಲಲಿ ಹೇಳಿ. ಅಜ್ಜಂಗೆ ಆ ರಾಜನ ಕತೆ ಗೊಂತಿತ್ತಿಲ್ಲೆ. ಆದರೆ ತುದಿ ಮೊಂಡಾದ ಮೇಲೆಯೂ ಮೂವತ್ತು ವರ್ಷ ಅದೇ ಕತ್ತಿಲಿ ಎಂಗೊಗೆ ಪೇರಳೆ ಕೊರದು ಕೊಟ್ಟಿದವು. ಒಂದು ದಿನವೂ ಸಾಲ ಹೇಳಿ ಆಯಿದಿಲ್ಲೆ.

ಕಾನೂನುದೆ ಗೊಂತಿರಲಿ. ಮನೆ, ಕೃಷಿ ಕೆಲಸದ ಕತ್ತಿಗಳ ಬಿಟ್ಟು, ಅಲಗು 9 ಇಂಚಿಂದ ಉದ್ದ ಅಥವಾ 2 ಇಂಚಿಂದ ಅಗಲ ಇದ್ದರೆ ನಮ್ಮ ದೇಶಲ್ಲಿ ಆಯುಧದ ಲೆಕ್ಕಕ್ಕೆ ಬತ್ತು. ಪೀಶಕತ್ತಿ ಅಷ್ಟು ದೊಡ್ಡ ಇಲ್ಲೆ. ಆದರೂ ವಿಮಾನಲ್ಲಿ ಕೈಚೀಲಲ್ಲಿ ತೆಕ್ಕೊಂಡು ಹೋಪಲೆ ಬಿಡ್ತವಿಲ್ಲೆ, ದೊಡ್ಡ ಬೇಗಿಲಿ ಹಾಕೆಕ್ಕು. ಮರದರೆ ಮತ್ತೆ ಸಿಕ್ಕ.

ಮೊನ್ನೆ ಜೆಂಬ್ರಂದ ಬಂದವಂಗೆ ಕವಾಟಿನ ಬಾಗಿಲು ತೆಗದೆ. ಅಲಗಿಂಗೆ ಒಂದು ಹನಿ ಎಣ್ಣೆ ಹಾಕಿ ಬಿಡುಸಿದೆ. ಟಕ್ಕ ಹೇಳಿತ್ತು! ಮಗಳು ಓಡಿ ಬಂತು, ತುದಿ ಎಂತಕೆ ಹೀಂಗೆ ಹೇಳಿ ಕೇಳಿತ್ತು. ಎನಗೆ ಹೇಳಿದ ಹಾಂಗೆ "ಜೀವ ಒಳುಶಿದ ಕತ್ತಿ" ಹೇಳಿರೆ ಸುಲಾಬ ಆವುತ್ತಿತ್ತು. ಆನು ಹಾಂಗೆ ಹೇಳಿದ್ದಿಲ್ಲೆ. ನೀರೊಳ್ಳೆಯ ಕತೆ, ಹೆಬ್ಬೆರಳಿನ ಕತೆ, ಅಕ್ಕಿ ಮುಡಿಯ ಕತೆ, ಎಲ್ಲ ಹೇಳಿದೆ. ಅದು ಸುಮಾರು ಹೊತ್ತು ಕತ್ತಿಯ ನೋಡಿತ್ತು. ಮತ್ತೆ "ಆನು ಹಾಸ್ಟೆಲಿಂಗೆ ಹೋಪಗ ಇದರ ಕೊಡ್ತೆಯೋ?" ಕೇಳಿತ್ತು.

ಆನು ಮಡುಸಿ ನೆಲಕ್ಕಲ್ಲಿ ಮಡುಗಿದೆ. ಅದು ತೆಕ್ಕೊಂಡತ್ತು.